ಮಾವನವರನ್ನು ತೋಟಕ್ಕೆ ಕರೆದುಕೊಂಡು ಹೋಗಿ

(ಸಾಗರ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: ಮಾವನವರಿಗೆ 76 ವರ್ಷ. ಅಲ್ಝೈಮರ್ ಅಂತ ಗೊತ್ತಾಗಿ ಎರಡು ವರ್ಷವಾಯಿತು. ಒಮ್ಮೆ ದಾರಿ ತಪ್ಪಿದ ಮೇಲೆ ಅಡಿಕೆ ತೋಟಕ್ಕೆ ಬಿಡುತ್ತಿಲ್ಲ. ಡಾಕ್ಟರು ವ್ಯಾಯಾಮ ಮಾಡಿಸಿ ಅಂದರು. ಹೇಳಿದರೆ ರೇಗುತ್ತಾರೆ. ವ್ಯಾಯಾಮದಿಂದ ನೆನಪು ವಾಪಸ್ ಬರುತ್ತದೆ ಅಂತ ಬೆಂಗಳೂರಿನ ಮೈದುನ ವಿಡಿಯೊ ಕಳಿಸುತ್ತಿದ್ದಾರೆ. ನಿಜವಾ?)

ವಿಡಿಯೊ ವಿಷಯ ಮೊದಲು ಮುಗಿಸೋಣ. ನೆನಪು ವಾಪಸ್ ಬರುವುದಿಲ್ಲ. ಇಂಗ್ಲೆಂಡಿನಲ್ಲಿ ಡಿಮೆನ್ಷಿಯಾ (ಮರೆವಿನ ಕಾಯಿಲೆ, ಅಲ್ಝೈಮರ್ ಅದರಲ್ಲೊಂದು ಬಗೆ) ಇರುವ 494 ಜನರ ಮೇಲೆ ಒಂದು ಅಧ್ಯಯನ ನಡೆದು, 2018ರಲ್ಲಿ ಫಲಿತಾಂಶ ಬಂತು. ಒಂದು ಗುಂಪಿಗೆ ನಾಲ್ಕು ತಿಂಗಳು ಚೆನ್ನಾಗಿ ಬೆವರು ಬರುವಷ್ಟು ವ್ಯಾಯಾಮ ಮಾಡಿಸಿದರು. ಅವರ ಮೈಗೆ ಕಸುವು ಬಂತು. ಮರೆವು ಮಾತ್ರ ನಿಧಾನವಾಗಲಿಲ್ಲ.

ಹಾಗಂತ ಬಿಡುವಂತಿಲ್ಲ. ಫಿನ್‌ಲೆಂಡಿನಲ್ಲಿ ಅಲ್ಝೈಮರ್ ಇರುವ 210 ಜನರ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅದರಲ್ಲಿ ಕೆಲವರ ಮನೆಗೇ ಫಿಸಿಯೋಥೆರಪಿಸ್ಟ್ ಹೋಗಿ, ವಾರಕ್ಕೆರಡು ಸಲ ಒಂದೊಂದು ಗಂಟೆ, ವರ್ಷವಿಡೀ ಮಾಡಿಸಿದರು. ಸ್ನಾನ, ಬಟ್ಟೆ, ಊಟದಂಥ ಕೆಲಸ ಮಾಡಿಕೊಳ್ಳುವ ಶಕ್ತಿ ಅವರಲ್ಲಿ ಉಳಿದವರಿಗಿಂತ ನಿಧಾನವಾಗಿ ಕುಂದಿತು. ಬೀಳುವುದೂ ಕಡಿಮೆಯಾಯಿತು. ನಿಮಗೆ ಬೇಕಾದದ್ದೂ ಇದೇ ಅಲ್ವಾ? ಮಾವ ಕುರ್ಚಿಯಿಂದ ತಾವೇ ಏಳಬೇಕು, ಬಚ್ಚಲಿಗೆ ತಾವೇ ಹೋಗಿಬರಬೇಕು. ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಅವರು ರೇಗುವುದರಲ್ಲಿ ನನಗೇನೂ ಆಶ್ಚರ್ಯ ಕಾಣುವುದಿಲ್ಲ. ಜೀವನವಿಡೀ ತೋಟ ಸುತ್ತಿದವರಿಗೆ ‘ಕೈ ಎತ್ತಿ, ಕಾಲು ಎತ್ತಿ’ ಅಂದರೆ ಹೇಗಿರುತ್ತದೆ! ತೋಟದ ಓಡಾಟವೇ ಅವರ ವ್ಯಾಯಾಮವಾಗಿತ್ತು. ಹೆದರಿಕೊಂಡು ನೀವು ಅದನ್ನೇ ನಿಲ್ಲಿಸಿದ್ದೀರಿ. ಒಬ್ಬರನ್ನೇ ಕಳಿಸಬೇಡಿ, ಸರಿ. ಆದರೆ ಜೊತೆಗೆ ಯಾರಾದರೂ ಹೋಗಲಿ. ದಿನಾ ಬೆಳಿಗ್ಗೆ ಅದೇ ಹೊತ್ತು, ಅದೇ ದಾರಿ. ಸಂಜೆ ಹೊತ್ತಿಗೆ ಇಂಥವರಲ್ಲಿ ಅನೇಕರಿಗೆ ಗಲಿಬಿಲಿ ಜಾಸ್ತಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ದಾರಿ, ಕಾಲುಸಂಕ ಬೇಡ, ಜಗಲಿಯಲ್ಲೇ ನಡೆಯಲಿ. ಹವಾಯಿ ಚಪ್ಪಲಿ ಬಿಡಿಸಿ, ಹಿಂದೆ ಪಟ್ಟಿ ಇರುವುದನ್ನು ಹಾಕಿಸಿ. ಜೇಬಿನಲ್ಲಿ ಹೆಸರು, ಫೋನ್ ನಂಬರಿನ ಚೀಟಿ ಯಾವಾಗಲೂ ಇರಲಿ.

ಮನೆಯಲ್ಲಿ ‘ವ್ಯಾಯಾಮ’ ಅನ್ನಲೇಬೇಡಿ. ಕೈಯಿರುವ ಗಟ್ಟಿ ಕುರ್ಚಿಯಿಂದ ಎದ್ದು ಕೂರುವುದು ಕಾಲಿಗೆ ತುಂಬಾ ಒಳ್ಳೆಯದು. ಊಟಕ್ಕೆ ಮುಂಚೆ ನೀವೂ ಎದುರು ಕೂತು ಎದ್ದು ತೋರಿಸಿ, ನೋಡಿ ಮಾಡುತ್ತಾರೆ. ಒಂದು ಸಲಕ್ಕೆ ಒಂದೇ ಮಾತು ಹೇಳಿ. ಅಂಗಳದ ಅಡಿಕೆ ಹರವಲಿ, ಗಿಡಕ್ಕೆ ನೀರು ಹಾಕಲಿ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮಾತ್ರ ಕೈಗೆ ಕೊಡಬೇಡಿ. ಶುರುವಿಗೆ ಐದು ಹತ್ತು ನಿಮಿಷ ಸಾಕು. ಬೇಡ ಅಂದರೆ ಸುಮ್ನೆ ಬಿಟ್ಟು, ಅರ್ಧ ಗಂಟೆ ಬಿಟ್ಟು ಮತ್ತೆ ಕರೆಯಿರಿ.

ನೋವಿದ್ದರೂ ಅವರಿಗೆ ಹೇಳಲು ಬಾರದೆ ಇರಬಹುದು. ಮುಖ ಕಿವುಚುತ್ತಾರಾ, ಮಂಡಿ ಹಿಡಿದುಕೊಳ್ಳುತ್ತಾರಾ ನೋಡಿ. ಬಿ.ಪಿ. ಮಾತ್ರೆ ತಗೊಳ್ಳುತ್ತಿದ್ದರೆ, ಎದ್ದು ನಿಂತಾಗ ತಲೆ ಸುತ್ತುತ್ತದಾ ಅಂತ ಡಾಕ್ಟರಿಗೆ ಮೊದಲೇ ತೋರಿಸಿ. ಎದೆನೋವು, ಏದುಸಿರು ಬಂದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಹಿರಿಯರ ಸಹಾಯವಾಣಿ 14567 ಕೂಡ ಇದೆ.

ಪತ್ರದಲ್ಲಿ ನೀವು ಕೇಳದ ಒಂದು ಮಾತು. ಇದಿಷ್ಟೂ ನಿಮ್ಮೊಬ್ಬರ ತಲೆ ಮೇಲೆ ಬೀಳಬಾರದು. ಮೈದುನ ತಿಂಗಳಿಗೆರಡು ದಿನ ಊರಿಗೆ ಬಂದು ಅಪ್ಪನ ಜೊತೆ ತೋಟ ಸುತ್ತಲಿ. ವಿಡಿಯೊ ಹುಡುಕುವಷ್ಟು ಪುರುಸೊತ್ತು ಇದ್ದೇ ಇದೆಯಲ್ಲ.

— ಸಂ.