ಓದುಗರ ಪ್ರಶ್ನೆ: ಗ್ರೀಕರ ಕಲ್ಲಿನ ನಗು ಎಲ್ಲಿ ಹೋಯಿತು?

ಪ್ರಶ್ನೆ: ಕಾರ್ಕಳದ ಗೊಮ್ಮಟ ಬೆಟ್ಟ ಹತ್ತಿ ಬಂದೆವು. ಮಗಳ ಪುಸ್ತಕದಲ್ಲಿರುವ ಗ್ರೀಕರ ಹಳೆಯ ಮೂರ್ತಿಯೂ ಹಾಗೇ ನೆಟ್ಟಗೆ, ಕೈ ಇಳಿಬಿಟ್ಟು ನಿಂತಿದೆ. ಮುಂದಿನ ಪುಟದ್ದು ಪೂರ್ತಿ ಬೇರೆ. ನಡುವೆ ಏನಾಯಿತು?
– ಓದುಗರೊಬ್ಬರು, ಉಡುಪಿ

ಉತ್ತರ: ಎರಡನ್ನೂ ಹೋಲಿಸಿ ನೋಡಿದಿರಲ್ಲ, ಖುಷಿಯಾಯಿತು. ಆ ಹಳೆಯ ಮೂರ್ತಿಗಳಿಗೆ ಕೂರೋಸ್ ಅಂತಾರೆ, ಅಂದರೆ ಯುವಕ. ಕ್ರಿ.ಪೂ. 600ರ ಸುಮಾರಿನವು, ನಿಲುವು ಈಜಿಪ್ಟಿನಿಂದ ಕಲಿತದ್ದು. ಎಡಗಾಲು ಮುಂದೆ, ಮುಷ್ಟಿ ಬಿಗಿ, ತುಟಿಯಲ್ಲಿ ನಸುನಗು. ಕೆಲವನ್ನು ದೇವರಿಗೆ ಹರಕೆಯಾಗಿ ಒಪ್ಪಿಸುತ್ತಿದ್ದರು, ಕೆಲವನ್ನು ಸತ್ತ ಹುಡುಗರ ಗೋರಿಯ ಮೇಲೆ ನಿಲ್ಲಿಸುತ್ತಿದ್ದರು. ಗೋರಿಯ ಮೇಲೂ ಅದೇ ನಗು! ಅದು ಇಂಥವನದೇ ಮುಖ ಅಂತಲ್ಲ, ವಯಸ್ಸಾಗದ, ನೋವು ತಟ್ಟದ ಒಂದು ರೂಪ. (1432ರ ನಮ್ಮ ಗೊಮ್ಮಟನ ಮಾತೇ ಬೇರೆ. ಅಲ್ಲಿ ಅಲುಗದೆ ನಿಂತದ್ದೇ ತಪಸ್ಸು, ಬಳ್ಳಿ ಹಬ್ಬಿದರೂ ಸರಿಯೇ.)

ಬದಲಾವಣೆಯನ್ನು ಒಂದೇ ದೇವಸ್ಥಾನದಲ್ಲಿ ನೋಡಬಹುದು. ಈಜಿನಾ ದ್ವೀಪದಲ್ಲಿ ಅಫಾಯಾ ದೇವಿಯ ಗುಡಿ ಇದೆ. ಮಾಡಿನ ಕೆಳಗಿನ ತ್ರಿಕೋನದ ಜಾಗದಲ್ಲಿ ಎರಡೂ ಬದಿಗೆ ಯುದ್ಧದ ಮೂರ್ತಿಗಳಿದ್ದವು, ಈಗ ಅವು ಮ್ಯೂನಿಕ್‌ನಲ್ಲಿವೆ. ಪಶ್ಚಿಮದ ಬದಿಯಲ್ಲಿ ಎದೆಗೆ ಪೆಟ್ಟು ಬಿದ್ದ ಸೈನಿಕ ನಮ್ಮನ್ನೇ ನೋಡಿ ನಗುತ್ತಾನೆ. ಕೆಲವು ವರ್ಷ ಬಿಟ್ಟು ಕೆತ್ತಿದ ಪೂರ್ವದ ಬದಿಯಲ್ಲಿ, ಬಿದ್ದವನು ಗುರಾಣಿ ಹಿಡಿದು ಏಳಲು ನೋಡುತ್ತಾನೆ, ಆಗುವುದಿಲ್ಲ, ಮುಖ ನೆಲದತ್ತ ವಾಲಿದೆ. ಅವನಿಗೆ ನಿಜವಾಗಿ ನೋಯುತ್ತಿದೆ ಅಲ್ವಾ ಅನಿಸುತ್ತದೆ.

ಕ್ರಿ.ಪೂ. 480ರಲ್ಲಿ ಪರ್ಷಿಯನ್ನರು ಅಥೆನ್ಸ್ ಸುಟ್ಟರು, ಆಮೇಲೆ ಸೋತು ಹೋದರು. ಆ ಸುಮಾರಿಗೇ ಕೆತ್ತಿದ ‘ಕ್ರಿಟಿಯೋಸ್ ಹುಡುಗ’ ಮೂರ್ತಿಯಲ್ಲಿ ನಗು ಇಲ್ಲ. ಬಸ್ಸಿಗೆ ಕಾಯುವಾಗ ನಾವು ನಿಲ್ಲುತ್ತೇವಲ್ಲ, ಹಾಗೆ ಭಾರವೆಲ್ಲ ಒಂದು ಕಾಲಿನ ಮೇಲೆ, ಸೊಂಟ ಸ್ವಲ್ಪ ಓರೆ, ತಲೆ ತುಸು ತಿರುಗಿದೆ. ನಂತರದ ದಶಕಗಳಲ್ಲೇ ಪ್ರೊಟಾಗೊರಸ್ ಎಂಬ ಗ್ರೀಕ್ ಚಿಂತಕ ಎಲ್ಲಕ್ಕೂ ಮನುಷ್ಯನೇ ಅಳತೆ ಎಂದ.

ದೇವಸ್ಥಾನವನ್ನೂ ಮನುಷ್ಯನ ಕಣ್ಣಿಗೆ ಹೊಂದಿಸಿ ಕಟ್ಟಿದರು. ಪೂಜೆಯ ಬಲಿಪೀಠ ಹೊರಗಿತ್ತು, ಜನ ನಿಂತು ನೋಡುತ್ತಿದ್ದುದೂ ಹೊರಗಿನಿಂದಲೇ. ಅದಕ್ಕೇ ಕಂಬಗಳು ಸುತ್ತಲೂ ಇವೆ. ಅಥೆನ್ಸಿನ ದೊಡ್ಡ ಗುಡಿ ಪಾರ್ಥೆನಾನ್ (ಕ್ರಿ.ಪೂ. 447–432) ನೋಡಲು ನೆಟ್ಟಗಿದೆ, ಆದರೆ ಅದರ ನೆಲಗಟ್ಟು ನಡುವಲ್ಲಿ ಉಬ್ಬಿದೆ, ಕಂಬಗಳು ಒಳಕ್ಕೆ ಸ್ವಲ್ಪ ವಾಲಿವೆ.

ಅಲೆಕ್ಸಾಂಡರ್ ಸತ್ತ ಮೇಲೆ, ಅಂದರೆ ಕ್ರಿ.ಪೂ. 323ರ ನಂತರ, ಊರುಗಳ ಅಧಿಕಾರ ದೊಡ್ಡ ರಾಜರ ಕೈಗೆ ಹೋಯಿತು. ಶಿಲ್ಪಿಗಳು ಮುದುಕರನ್ನು, ಸೋತವರನ್ನು, ದಣಿದವರನ್ನು ಜಾಸ್ತಿ ಮಾಡತೊಡಗಿದರು. ರೋಮ್‌ನಲ್ಲಿ ಸಿಕ್ಕಿದ ಕಂಚಿನ ಮುಷ್ಟಿಕಾಳಗದವನನ್ನು ನೋಡಿ: ಕುಳಿತಿದ್ದಾನೆ, ಮೂಗು ಮುರಿದಿದೆ, ಕೈಗೆ ಚರ್ಮದ ಪಟ್ಟಿ, ಗಾಯದ ರಕ್ತಕ್ಕೆಂದೇ ಕೆಂಪು ತಾಮ್ರ ಕೂರಿಸಿದ್ದಾರೆ. ಮಗಳ ಪುಸ್ತಕದಲ್ಲಿ ಅವನಿಲ್ಲದಿದ್ದರೆ ದಯವಿಟ್ಟು ಚಿತ್ರ ಹುಡುಕಿ ತೋರಿಸಿ.