ಮೈನಸ್ 20ರಲ್ಲಿ ಬೂಮ್ ಲಿಫ್ಟ್: ಹತ್ತೋಕೆ ಮುಂಚೆ ಕೆಳಗೇ ನಿಂತು ನೋಡ್ಬೇಕಾದ್ದು

ಪ್ರಶ್ನೆ: ಸರ್ ನಮಸ್ಕಾರ, ನಾನು ದಾವಣಗೆರೆ ಕಡೆಯವನು, ಈಗ ಕೆನಡಾದ ಎಡ್ಮಂಟನ್ ಹತ್ರ ಒಂದು ವೇರ್‌ಹೌಸ್ ಸೈಟಲ್ಲಿದೀನಿ. ಬೆಳಿಗ್ಗೆ ಮೈನಸ್ 20 ಇರತ್ತೆ. ಡೀಸೆಲ್ ಬೂಮ್ ಲಿಫ್ಟ್ (ಉದ್ದ ತೋಳಿನ ತುದೀಲಿ ಜನ ನಿಲ್ಲೋ ಬಾಸ್ಕೆಟ್ ಇರೋ ಮಷಿನ್, ಆ ತೋಳೇ ಬೂಮ್) ಸ್ಟಾರ್ಟೇನೋ ಆಗತ್ತೆ, ಆದ್ರೆ ಬೂಮ್ ಎತ್ತಿದ್ರೆ ಜರ್ಕ್ ಹೊಡೀತಾ ಹೋಗತ್ತೆ. ಸಿಜರ್ ಲಿಫ್ಟ್ (ಕತ್ತರಿ ಥರ ಬಿಚ್ಕೊಂಡು ನೇರ ಮೇಲೇಳೋದು) ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿ. ಫೋರ್‌ಮನ್ನು ಚಳೀಲಿ ಅದು ಹಂಗೇ, ಓಡಿಸು ಅಂತಾನೆ. ಓಡಿಸ್ಲಾ?

ಉತ್ತರ: ಜರ್ಕ್ ನಿಲ್ಲೋ ತನಕ ಬಾಸ್ಕೆಟ್ ಹತ್ತಲೇಬೇಡಿ. ಇಂಜಿನ್ ಬಿಸಿ ಆಯ್ತು ಅಂದ ಮಾತ್ರಕ್ಕೆ ಹೈಡ್ರಾಲಿಕ್ ಆಯಿಲ್ ಬಿಸಿ ಆಗಿರಲ್ಲ, ಅದು ಆ ಹೊತ್ತಲ್ಲಿ ಜೋನಿಬೆಲ್ಲದ ಥರ ಗಟ್ಟಿಯಾಗಿ ಕೂತಿರತ್ತೆ, ಪಂಪ್‌ಗೆ ಎಳೆಯೋಕಾಗದೆ ಕುಂಯ್ ಅಂತ ಕಿರುಚತ್ತೆ. ಆ ಸೌಂಡ್ ಬಂದಾಗ ಆಕ್ಸಿಲರೇಟರ್ ಕೊಡೋದು ಪಂಪ್‌ನ ಸಾಯಿಸಿದ ಹಾಗೆ. ಕಡಿಮೆ ಐಡಲ್ಲಲ್ಲೇ ಬಿಟ್ಟು, ಕೆಳಗಿನ ಗ್ರೌಂಡ್ ಕಂಟ್ರೋಲಿಂದ ಒಂದೊಂದೇ ಫಂಕ್ಷನ್ ನಿಧಾನಕ್ಕೆ ಆಡಿಸಿ, ಬಾಸ್ಕೆಟ್ ಖಾಲಿ ಇರ್ಲಿ. ಬೂಮ್ ಸ್ಮೂತಾಗಿ ಎದ್ದ ತಕ್ಷಣ ಆಯ್ತು ಅನ್ಕೋಬೇಡಿ, ಜಿಬ್ಬು (ಬೂಮ್ ತುದೀಲಿರೋ ಚಿಕ್ಕ ತೋಳು), ಬಾಸ್ಕೆಟ್ ರೊಟೇಟು ಇವುಗಳ ಹೋಸ್ ಉದ್ದ, ಅಲ್ಲಿರೋ ಆಯಿಲ್ ಕೊನೇಲಿ ಬಿಸಿ ಆಗೋದು, ಅವನ್ನೂ ಆಡಿಸ್ಲೇಬೇಕು. ಆಮೇಲೂ ಎಳೀತಿದ್ರೆ ಬೇಸಿಗೆ ಗ್ರೇಡ್ ಆಯಿಲ್ಲೇ ಉಳಿದಿರ್ಬೋದು, ಬಾಡಿಗೆ ಕೊಟ್ಟವ್ರನ್ನ ಕೇಳಿ. ಮ್ಯಾನ್ಯುಯಲಲ್ಲಿ ಕನಿಷ್ಠ ಟೆಂಪರೇಚರ್ ಬರೆದಿರತ್ತೆ, ಎಷ್ಟೋ ಮಷಿನ್ನಲ್ಲಿ ಮೈನಸ್ 29. ಅದಕ್ಕಿಂತ ಕೆಳಗೆ ಹೋದ ದಿನ ಫೋರ್‌ಮನ್ ಏನೇ ಹೇಳ್ಲಿ, ಮಷಿನ್ ನಿಲ್ಸಿ.

ಇನ್ನೊಂದು, ನೀವು ಕೇಳಿಲ್ಲ ಆದ್ರೂ ಹೇಳ್ತೀನಿ, ನನ್ನ ಪ್ರಕಾರ ಜರ್ಕ್‌ಗಿಂತ ಇದೇ ಡೇಂಜರು. ಬಾಸ್ಕೆಟಲ್ಲಿರೋ ಫುಟ್ ಸ್ವಿಚ್, ಅಂದ್ರೆ ಕಾಲಲ್ಲಿ ಒತ್ತಿ ಹಿಡಿದಿದ್ರೆ ಮಾತ್ರ ಬೂಮ್ ಆಡೋಕೆ ಬಿಡೋ ಪೆಡಲ್. ಬೂಟಲ್ಲಿ ಬಂದ ಹಿಮ ಪೆಡಲ್ ಸುತ್ತ ಕರಗಿ, ಮತ್ತೆ ಐಸ್ ಆಗಿ, ಪೆಡಲ್ ಒತ್ತಿದ ಹಾಗೇ ಅಂಟ್ಕೊಂಡ್ರೆ ಆ ಸೇಫ್ಟಿ ಇದ್ದೂ ಇಲ್ಲದಂಗೆ, ಮೊಣಕೈ ಜಾಯ್‌ಸ್ಟಿಕ್‌ಗೆ ತಾಗಿದ್ರೂ ಬೂಮ್ ಓಡತ್ತೆ. ಬೂಮ್ ಕೆಳಗಿದ್ದಾಗ್ಲೇ ಕಾಲು ತೆಗೆದು ಫಂಕ್ಷನ್ ನಿಲ್ಲತ್ತಾ ಅಂತ ದಿನಾ ನೋಡಿ. ಐಸನ್ನ ಬ್ರಷ್ಷಲ್ಲಿ ಕೆರೆದು ತೆಗೀರಿ, ಬಿಸಿನೀರು ಹುಯ್ಯೋ ಐಡಿಯಾ ಬೇಡ, ಅದು ಕನೆಕ್ಟರ್ ಒಳಗೆ ಇಳಿದು ಅಲ್ಲೇ ಐಸ್ ಆಗತ್ತೆ.

ಸಿಜರ್ ಬ್ಯಾಟರಿ ವಿಷಯದಲ್ಲಿ ಫೋರ್‌ಮನ್ ಹೇಳಿದ್ದು ಅರ್ಧ ನಿಜ. ಲೆಡ್ ಆಸಿಡ್ ಬ್ಯಾಟರಿ ಕೆಪಾಸಿಟಿ ಮೈನಸ್ 18ರ ಹೊತ್ತಿಗೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯತ್ತೆ. ಫುಲ್ ಚಾರ್ಜ್ ಇದ್ರೆ ಒಳಗಿನ ಆಸಿಡ್ ಮೈನಸ್ 50ಕ್ಕೂ ಹೆಪ್ಪುಗಟ್ಟಲ್ಲ, ಪೂರ್ತಿ ಡೌನ್ ಆದದ್ದು ಮೈನಸ್ 10 ಆಸುಪಾಸಲ್ಲೇ ಗಟ್ಟಿ ಆಗ್ಬೋದು. ಅದಕ್ಕೇ ನಾಳೆ ಬೆಳಿಗ್ಗೆ ಹಾಕೋಣ ಅನ್ನದೆ ಶಿಫ್ಟ್ ಮುಗಿದ ತಕ್ಷಣ, ಬ್ಯಾಟರಿ ಇನ್ನೂ ಬೆಚ್ಚಗಿರೋವಾಗ್ಲೇ ಚಾರ್ಜಿಗೆ ಹಾಕಿ. ಕೇಸ್ ಉಬ್ಬಿದ್ರೆ ಚಾರ್ಜೂ ಬೇಡ, ಬೇರೆ ಬ್ಯಾಟರಿಯಿಂದ ಜಂಪ್ ಸ್ಟಾರ್ಟೂ ಬೇಡ, ಒಡೆದು ಆಸಿಡ್ ಮುಖಕ್ಕೆ ಹಾರತ್ತೆ.

ಪ್ರಶ್ನೆ: ಲೇಹ್‌ನಲ್ಲಿ ಬಿಲ್ಡಿಂಗ್ ಕೆಲಸಕ್ಕೆ ಬೂಮ್ ಲಿಫ್ಟ್ ತಂದಿದೀವಿ. ರಾತ್ರಿ ಡೀಸೆಲ್ ಗಟ್ಟಿ ಆಗತ್ತೆ. ಸೀಮೆಎಣ್ಣೆ ಮಿಕ್ಸ್ ಮಾಡಿ, ಇಲ್ಲಾ ಟ್ಯಾಂಕ್ ಕೆಳಗೆ ಸ್ಟವ್ ಇಡಿ ಅಂತಾರೆ ಲಾರಿಯವ್ರು.

ಉತ್ತರ: ಎರಡೂ ಬೇಡ. ಲಾರಿಯವ್ರು ಮಾಡ್ತಾರೆ, ನಿಜ, ಆದ್ರೆ ನಿಮ್ಮ ಮಷಿನ್ನಲ್ಲಿ ಸ್ಟವ್ ಇಟ್ಟ ಜಾಗದ ಪಕ್ಕದಲ್ಲೇ ಹೈಡ್ರಾಲಿಕ್ ಹೋಸು, ವೈರಿಂಗು ಎಲ್ಲಾ ಇರತ್ತೆ. ಸೀಮೆಎಣ್ಣೇಲಿ ಡೀಸೆಲ್ಲಿನಷ್ಟು ಜಿಡ್ಡಿಲ್ಲ, ಈಗಿನ ಇಂಜಿನ್ನಿನ ಫ್ಯೂಯೆಲ್ ಪಂಪು, ಇಂಜೆಕ್ಟರು ಬೇಗ ಸವೆಯತ್ತೆ. ಇಂಡಿಯನ್ ಆಯಿಲ್‌ನವ್ರು 2019ರಲ್ಲಿ ಲಡಾಖ್‌ಗೇ ಅಂತ ವಿಂಟರ್ ಡೀಸೆಲ್ ತಂದಿದಾರೆ, ಮೈನಸ್ 33ರ ತನಕ ಹರಿಯತ್ತೆ, ಅದನ್ನೇ ತರಿಸಿ. ಕೆಳಗಿನಿಂದ ತುಂಬಿಸ್ಕೊಂಡು ಬಂದ ಹಳೇ ಡೀಸೆಲ್ ಟ್ಯಾಂಕಲ್ಲಿದ್ರೆ ಮೊದ್ಲು ಖಾಲಿ ಮಾಡಿ, ಫಿಲ್ಟರ್ ಬದಲಾಯಿಸಿ, ಚಳಿಗೆ ಡೀಸೆಲ್ಲಿನ ಮೇಣ ಕಟ್ಕೊಳ್ಳೋದು ಅಲ್ಲೇ. ಗ್ಲೋ ಪ್ಲಗ್ (ಸ್ಟಾರ್ಟ್ ಮಾಡೋಕೆ ಇಂಜಿನ್ ಒಳಗೆ ಬಿಸಿ ಕೊಡೋ ಪ್ಲಗ್) ಇರೋ ಇಂಜಿನ್ನಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೀಲೇಬೇಡಿ.

ಪ್ರಶ್ನೆ: ಮೈನಸ್ 15, ಗಾಳಿ 30 ಕಿಲೋಮೀಟರ್. ಹತ್ತಬೋದಾ? (ಟೊರಾಂಟೊದಿಂದ)

ಉತ್ತರ: ಹೊರಗೆ ಬಳಸೋ ಎಷ್ಟೋ ಮಷಿನ್ನಿಗೆ ಗಾಳಿಯ ಮಿತಿ ಸೆಕೆಂಡಿಗೆ 12.5 ಮೀಟರ್, ಅಂದ್ರೆ ಗಂಟೆಗೆ 45 ಕಿಲೋಮೀಟರ್. ಆದ್ರೆ ಅದನ್ನ ಅಳೀಬೇಕಾದ್ದು ಬಾಸ್ಕೆಟ್ ಎತ್ತರದಲ್ಲಿ, ಕೆಳಗೆ 30 ಇದ್ರೆ ಮೇಲೆ ಜಾಸ್ತೀನೇ ಇರತ್ತೆ. ಮಿತಿ ಒಳಗಿದ್ರೂ ನಿಮ್ಮ ಮೈಗೆ ಅದು ಮೈನಸ್ 26ರ ಚಳಿ, ಬೆರಳು ಮರಗಟ್ಟಿದ್ರೆ ಜಾಯ್‌ಸ್ಟಿಕ್ ಎಷ್ಟು ತಳ್ಳಿದೀನಿ ಅನ್ನೋದೇ ಗೊತ್ತಾಗಲ್ಲ. ಆಗಾಗ ಇಳಿದು ಕೈ ಬಿಸಿ ಮಾಡ್ಕೊಳ್ಳಿ. ಬೀಳದಂಗೆ ಮೈಗೆ ಕಟ್ಕೊಳ್ಳೋ ಹಾರ್ನೆಸ್‌ನ ರಾತ್ರಿ ಬಾಸ್ಕೆಟಲ್ಲೇ ಬಿಡ್ಬೇಡಿ, ಒಳಗೆ ಒಣಗಾಕಿ. ಮುಖ್ಯವಾಗಿ ಕೆಳಗೆ ಎಮರ್ಜೆನ್ಸಿ ಲೋವರಿಂಗ್ (ಮೇಲಿದ್ದವ್ರು ಸಿಕ್ಕಾಕೊಂಡ್ರೆ ಕೆಳಗಿಂದ್ಲೇ ಬೂಮ್ ಇಳಿಸೋದು) ಗೊತ್ತಿರೋ ಒಬ್ರು ಇರ್ಲೇಬೇಕು, ಅವರ ಕೈಲೇ ಬೆಳಿಗ್ಗೆ ಒಂದ್ಸಲ ಬೂಮ್ ಇಳಿಸಿ ನೋಡಿ, ಆಮೇಲೆ ಹತ್ತಿ.