ಟ್ವೀಡ್‌ನನ್ನು ಬೀಳಿಸಿದ್ದು ಖಾತೆ ಪುಸ್ತಕ

ಪತ್ರ: ನ್ಯೂಯಾರ್ಕಿನ ಭ್ರಷ್ಟ ರಾಜಕಾರಣಿ ಟ್ವೀಡ್ ಪರಾರಿಯಾದಾಗ ಅವನನ್ನು ಹಿಡಿದುಕೊಟ್ಟದ್ದು ಒಂದು ವ್ಯಂಗ್ಯಚಿತ್ರವಂತೆ. ನೀವೂ ಕೋಷ್ಟಕ, ಅಂಕಿಅಂಶ ಕಡಿಮೆ ಮಾಡಿ ಅಂಥ ಚಿತ್ರಗಳಿಗೆ ಪುಟ ಕೊಡಬಾರದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಹೌದು, 1876ರ ಸೆಪ್ಟೆಂಬರಿನಲ್ಲಿ ಸ್ಪೇನಿನ ವೀಗೋ ಬಂದರಿನಲ್ಲಿ ಅವನ ಗುರುತು ಸಿಕ್ಕಿದ್ದು ಥಾಮಸ್ ನಾಸ್ಟ್ ಬರೆದ ಚಿತ್ರದಿಂದ. ನಾಸ್ಟ್ ದೊಡ್ಡ ಕಲಾವಿದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಟ್ವೀಡ್ ಓಡಿಹೋಗಬೇಕಾಗಿ ಬಂದದ್ದು ಏಕೆ? ಅದನ್ನು ನೀವು ಕೇಳಲೇ ಇಲ್ಲವಲ್ಲ.

ಅವನ ಪಟಾಲಂನ ಪದ್ಧತಿ ಸರಳ. ಗುತ್ತಿಗೆದಾರ ಬಿಲ್ಲು ಉಬ್ಬಿಸಿ ಕೊಡಬೇಕು. ಹಣವೆಲ್ಲ ಖಜಾನೆಯಿಂದ ಅವನ ಹೆಸರಿಗೇ ಬರುತ್ತದೆ, ಅದರಲ್ಲಿ ನೂರಕ್ಕೆ 65ರಷ್ಟನ್ನು ಅವನು ಪಟಾಲಂಗೆ ಹಿಂದಕ್ಕೆ ಕೊಡಬೇಕು. ಮೊದಮೊದಲು ಈ ಪಾಲು 35 ಇತ್ತು. ಎರಡೂವರೆ ಲಕ್ಷ ಡಾಲರಿನಲ್ಲಿ ಮುಗಿಯಬೇಕಿದ್ದ ಕೋರ್ಟು ಕಟ್ಟಡದ ಖರ್ಚು ಕೋಟಿ ಡಾಲರ್ ದಾಟಿತು. ಗಾರೆ ಗುತ್ತಿಗೆದಾರ ಗಾರ್ವಿಯ ಹೆಸರಿನಲ್ಲಿ ಬಿದ್ದ ಖರ್ಚು 28,70,464 ಡಾಲರ್ 6 ಸೆಂಟ್. ಆ 6 ಸೆಂಟನ್ನು ಗಮನಿಸಿ. ಚಿಲ್ಲರೆಯವರೆಗೂ ಬರೆದ ಲೆಕ್ಕದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಸುಳ್ಳು ಬಿಲ್ಲು ಇವತ್ತಿಗೂ ಅಡಗುವುದು ಅಲ್ಲೇ.

1871ರ ಜನವರಿಯಲ್ಲಿ ಒಳಗುಟ್ಟೆಲ್ಲ ಬಲ್ಲ ಲೆಕ್ಕಾಧಿಕಾರಿ ವಾಟ್ಸನ್ ಅಪಘಾತದಿಂದ ಸತ್ತ. ಲೆಕ್ಕ ನೋಡಿಕೊಳ್ಳಲು ಬಂದ ಮ್ಯಾಥ್ಯೂ ಓರೂರ್ಕ್ ಪುಸ್ತಕಗಳನ್ನು ಸಾಲುಸಾಲಾಗಿ ನಕಲು ಮಾಡಿಕೊಂಡ. ಜುಲೈನಲ್ಲಿ 'ನ್ಯೂಯಾರ್ಕ್ ಟೈಮ್ಸ್' ಆ ಅಂಕಿಗಳನ್ನು ಅಚ್ಚು ಹಾಕಿತು. ಆಮೇಲೆ ಟ್ವೀಡ್‌ನದೇ ಪಕ್ಷದ ನಾಯಕ, ವಕೀಲ ಸ್ಯಾಮ್ಯುಯೆಲ್ ಟಿಲ್ಡನ್ ಬ್ರಾಡ್‌ವೇ ಬ್ಯಾಂಕಿನ ಖಾತೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದ: ಗುತ್ತಿಗೆದಾರನಿಗೆ ಬಂದ ಹಣದ ಒಂದು ಪಾಲು ಟ್ವೀಡ್‌ನ ಖಾತೆಗೆ ಜಮೆಯಾಗಿತ್ತು! 1873ರಲ್ಲಿ 220 ಆರೋಪಗಳಲ್ಲಿ 204 ಸಾಬೀತಾದವು. ಮೇಲಿನ ಕೋರ್ಟು 12 ವರ್ಷದ ಶಿಕ್ಷೆಯನ್ನು ಒಂದು ವರ್ಷಕ್ಕೆ ಇಳಿಸಿತು ನಿಜ. ಆದರೆ ನುಂಗಿದ ಹಣ ವಸೂಲು ಮಾಡಲು ಹೂಡಿದ ಸಿವಿಲ್ ದಾವೆಯಲ್ಲಿ ಜಾಮೀನು 30 ಲಕ್ಷ ಡಾಲರ್. ಅದನ್ನು ಕಟ್ಟಲಾಗದೆ ಮತ್ತೆ ಜೈಲು ಸೇರಿದವನು 1875ರ ಡಿಸೆಂಬರ್ 4ರಂದು, ಕಾವಲಿನಲ್ಲಿ ಮನೆಗೆ ಹೋದಾಗ ತಪ್ಪಿಸಿಕೊಂಡ. ನಿಮ್ಮ ವ್ಯಂಗ್ಯಚಿತ್ರದ ಕಥೆ ಶುರುವಾಗುವುದು ಇಷ್ಟೆಲ್ಲ ಆದಮೇಲೆ.

ನಮ್ಮಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಸದನದಲ್ಲಿ ಮಂಡನೆಯಾದ ದಿನ ಒಂದು ತಲೆಬರಹ, ಮರುದಿನ ಮರೆವು. ಅನುಬಂಧದ ಕೋಷ್ಟಕಗಳನ್ನು ಬಿಡಿಸಿ ನೋಡುವವರೇ ಇಲ್ಲ. ನೀವೂ ಪುಟ ತಿರುವಿಬಿಟ್ಟರೆ ಅವನ್ನು ಯಾರಿಗಾಗಿ ಅಚ್ಚು ಹಾಕೋಣ? ನಿಮ್ಮ ಬೀದಿಯ ರಸ್ತೆ ಕಾಮಗಾರಿಯ ಬಿಲ್ಲು, ಅಳತೆ ಪುಸ್ತಕ ಎರಡರ ನಕಲನ್ನೂ ಮಾಹಿತಿ ಹಕ್ಕಿನಲ್ಲಿ ಕೇಳಿ, ಅರ್ಜಿ ಶುಲ್ಕ 10 ರೂಪಾಯಿ. ಉದ್ದ, ಅಗಲ, ದಪ್ಪ ಎಲ್ಲ ಅದರಲ್ಲಿ ಬರೆದಿರುತ್ತದೆ. ಟೇಪು ಹಿಡಿದು ಅಳೆದು ನೋಡಿ, ಸಿಕ್ಕಿದ್ದನ್ನು ನಮಗೆ ಬರೆಯಿರಿ.